ಎಲ್ಲರೂ ಪಾಸಾದ ಪರೀಕ್ಷೆ

ಆ ಸೀಟನ್ನು ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಒಮ್ಮೆಯೂ ಬಸ್ಸು ಓಡಿಸಿರಲಿಕ್ಕಿಲ್ಲ. ಬೆನ್ನಿಗೆ ಆಸರೆ ಬೇಕಾದ ಕಡೆ ಹಳ್ಳ, ಬೇಡದ ಕಡೆ ದಿಬ್ಬ. ಕ್ಲಚ್ ತುಳಿಯಬೇಕಾದರೆ ಪ್ರತಿಸಲವೂ ಸೊಂಟ ಎತ್ತಬೇಕು. ಡಿಪೋದ ಡ್ರೈವರುಗಳೆಲ್ಲ ಬೆನ್ನ ಹಿಂದೆ ಟವೆಲ್ಲಿನ ಸುರುಳಿ ಇಟ್ಟುಕೊಂಡು, ಹಲ್ಲು ಕಚ್ಚಿಕೊಂಡು ದಿನ ದೂಡುತ್ತಿದ್ದರು.

ಅವರಲ್ಲೊಬ್ಬನಿಗೆ ತಂಗಿಯಿದ್ದಳು. ಅಪ್ಪ ಸತ್ತ ಮೇಲೆ ಅಣ್ಣ ಸ್ಟೀರಿಂಗ್ ಹಿಡಿದು ಓದಿಸಿದ ತಂಗಿ. ಈಗ ಅವಳು ಸಂಶೋಧಕಿ. ದುಡಿಯುವವರ ಮೈಗೂ ಅವರು ಬಳಸುವ ಯಂತ್ರಕ್ಕೂ ಹೊಂದಿಕೆಯಿದೆಯೇ ಎಂದು ಅಳೆಯುವುದು ಅವಳ ಕೆಲಸ. ನಮ್ಮನೇಲೊಬ್ಬಳು ಡಾಕ್ಟರಮ್ಮ ಇದ್ದಾಳೆ, ಕುರ್ಚಿಗಳಿಗೆ ಮಾತ್ರ ಔಷಧಿ ಕೊಡ್ತಾಳೆ ಎಂದು ಅತ್ತಿಗೆ ಕಾಲೆಳೆಯುತ್ತಿದ್ದಳು.

ಒಂದು ದಿನ ಅಣ್ಣ ಅವಳೊಬ್ಬಳಿಗೇ ಹೇಳಿದ. ಬಲಗಾಲು ಜೋಮು ಹಿಡಿಯುತ್ತಿದೆ, ಬ್ರೇಕ್ ಒತ್ತು ಅಂದರೆ ಕಾಲಿಗೆ ತಡವಾಗಿ ಕೇಳಿಸುತ್ತದೆ. ಬಸ್ ಕಂಪನಿ ಹೊಸ ಬಸ್ಸುಗಳನ್ನು ಕೊಳ್ಳಲು ಹೊರಟಿತ್ತು, ಅವಕ್ಕೂ ಅದೇ ಸೀಟು. ಅವಳು ಮೇಲಿನವರ ಬೆನ್ನು ಹತ್ತಿ, ಮೊದಲು ಪರೀಕ್ಷೆ ಮಾಡೋಣ, ಸೀಟು ಕೆಟ್ಟದ್ದೆಂದು ರುಜುವಾತಾದರೆ ಬದಲಾಯಿಸಿ ಎಂದು ಒಪ್ಪಿಸಿದಳು.

ಪ್ರಯೋಗಾಲಯದಲ್ಲಿ ಆ ಸೀಟನ್ನು ಕುಲುಕುವ ಹಲಗೆಯ ಮೇಲೆ ಕೂರಿಸಿದ್ದಾಯಿತು. ಎದುರಿಗೆ ಪರದೆ, ಅದರಲ್ಲಿ ಓಡುವ ರಸ್ತೆ, ಇದ್ದಕ್ಕಿದ್ದಂತೆ ಅಡ್ಡ ಬರುವ ನಾಯಿ. ಬೆನ್ನಿಗೆ ಅಂಟಿಸಿದ ವೈರುಗಳು ಸ್ನಾಯು ಎಷ್ಟು ಬಿಗಿಯಿತೆಂದು ಹೇಳುತ್ತಿದ್ದವು, ಬ್ರೇಕಿಗೆ ಕಾಲು ಎಷ್ಟು ಬೇಗ ಬಂತೆಂದು ಪೆಡಲು ಹೇಳುತ್ತಿತ್ತು. ಡ್ರೈವರುಗಳು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಹೆಣ್ಣು ನೋಡಲು ಹೊರಟವರಂತೆ ಬಂದರು. ಎಲ್ಲರೂ ಅವಳನ್ನು ತಂಗಿ ಎಂದೇ ಕರೆದರು. ನೋವಿದೆಯೇ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಏನಿಲ್ಲ, ಆರಾಮಾಗಿದೀವಿ.

ಯಂತ್ರವೂ ಅದನ್ನೇ ಹೇಳಿತು. ಬೆನ್ನುಗಳು ಸಡಿಲ, ಕಾಲುಗಳು ಚುರುಕು. ಅಣ್ಣನ ಬಲಗಾಲಂತೂ ಎಲ್ಲರಿಗಿಂತ ಚುರುಕು. ತಂಗಿ ವೈರುಗಳನ್ನು ಕಿತ್ತು ಮತ್ತೆ ಜೋಡಿಸಿದಳು, ಯಂತ್ರವನ್ನು ಅನುಮಾನಿಸಿದಳು, ಆಮೇಲೆ ತನ್ನನ್ನೇ ಅನುಮಾನಿಸಿದಳು. ಕೊನೆಗೆ ಬಂದದ್ದನ್ನು ಬಂದ ಹಾಗೆ ಬರೆದು ಕೊಟ್ಟಳು. ಸುಳ್ಳು ಬರೆಯುವುದನ್ನು ಅಣ್ಣ ಕಲಿಸಿರಲಿಲ್ಲ.

ಗುಟ್ಟು ಹೊರಬಿದ್ದದ್ದು ಕೆಲವು ದಿನಗಳ ಮೇಲೆ, ಮನೆಯಲ್ಲಿ ಊಟದ ಹೊತ್ತಿನಲ್ಲಿ. ಪರೀಕ್ಷೆಗೆ ಮುಂಚೆ ಎಲ್ಲರೂ ನೋವು, ಜೋಮು ಎರಡನ್ನೂ ಒಂದಷ್ಟು ಹೊತ್ತು ಅಡಗಿಸುವ ಮಾತ್ರೆ ನುಂಗಿದ್ದರಂತೆ. ಡಿಪೋದಲ್ಲಿ ಹಂಚಿದವನು ಅಣ್ಣನೇ. ಅತ್ತಿಗೆ ಅದನ್ನು ನಗುನಗುತ್ತಾ ಹೇಳಿಬಿಟ್ಟಳು. ತಂಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು.

"ಯಾಕಣ್ಣಾ ಹೀಗ್ಮಾಡ್ದೆ? ಪರೀಕ್ಷೆ ಇದ್ದಿದ್ದು ಸೀಟಿಗೆ. ನಿಮಗಲ್ಲ."

"ನಮ್ಮನ್ನ ಕೂರಿಸಿ ನೋಡಿದ್ರೆ ಅದು ನಮ್ಮ ಪರೀಕ್ಷೆನೇ," ಎಂದ ಅಣ್ಣ. "ಫೇಲಾದೋರನ್ನ ಮನೆಗೆ ಕಳಿಸ್ತಾರೆ. ಅಲ್ದೆ, ನಿನ್ನ ಮರ್ಯಾದೆ ಪ್ರಶ್ನೆ. ತಂಗಿ ನಡೆಸೋ ಪರೀಕ್ಷೇಲಿ ಅಣ್ಣಂದಿರು ನರಳ್ತಾ ಕೂತ್ರೆ ಚೆನ್ನಾಗಿರುತ್ತಾ?"

ಮಾತ್ರೆಯಿಲ್ಲದೆ ಮತ್ತೊಮ್ಮೆ ಮಾಡೋಣ ಎಂದು ಅವಳು ಗೋಗರೆದಳು. ಅಣ್ಣ ಮಜ್ಜಿಗೆಯ ಲೋಟ ಕೆಳಗಿಟ್ಟ.

"ಯಾಕೆ ಮತ್ತೊಮ್ಮೆ ಅಂತ ಕೇಳಿದ್ರೆ ಏನಂತೀಯ? ಮಾತ್ರೆ ನುಂಗಿ ಗಾಡಿ ಓಡಿಸೋದು ತಪ್ಪು ಅಂತ ಕಂಪನಿ ರೂಲು. ನಾವು ದಿನಾ ಒಂದು ನುಂಗ್ತೀವಿ, ಅವತ್ತು ಎರಡೆರಡು ನುಂಗಿದ್ವಿ ಅಷ್ಟೆ. ನೀನು ಬಾಯಿಬಿಟ್ರೆ ಅಷ್ಟೂ ಜನರ ಅನ್ನಕ್ಕೆ ಕಲ್ಲು."

ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ತಂಗಿ ಬಸ್ ಕಂಪನಿಯ ಮ್ಯಾನೇಜರ ಬಳಿ ಹೋಗಿ, ಫಲಿತಾಂಶದ ಮೇಲೆ ತನಗೇ ನಂಬಿಕೆಯಿಲ್ಲ ಎಂದಳು. ಕಾರಣ ಕೇಳಿದರು. ಕಾರಣವೆಲ್ಲ ನಾಲಿಗೆಯ ತುದಿಗೆ ಬಂತು, ಅಣ್ಣನ ಮುಖವೂ ಬಂತು. ಮತ್ತೊಮ್ಮೆ ಮಾಡಿ ನೋಡಿದರೆ ಒಳ್ಳೆಯದು ಎಂದಷ್ಟೇ ಹೇಳಿದಳು. ಮ್ಯಾನೇಜರ್ ಒಳ್ಳೆಯ ಮನುಷ್ಯ, ಟೀ ತರಿಸಿಕೊಟ್ಟರು. ಇಷ್ಟು ಸಂಕೋಚ ಯಾಕಮ್ಮಾ, ನಿಮ್ಮ ವರದಿ ನೋಡಿಯೇ ಸೀಟಿಗೆ ಆರ್ಡರ್ ಕೊಟ್ಟಾಯ್ತು, ಇನ್ನು ಬಸ್ಸುಗಳು ಗುಜರಿಗೆ ಹೋಗುವವರೆಗೂ ಆ ಚಿಂತೆಯಿಲ್ಲ ಎಂದರು.

ಹೊಸ ಬಸ್ಸು ರಸ್ತೆಗಿಳಿದ ದಿನ ಅಣ್ಣ ಅವಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವನು ಹಳೆಯ ಟವೆಲ್ಲನ್ನು ಸುತ್ತಿ ಬೆನ್ನ ಹಿಂದೆ ಇಟ್ಟ, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಪೆಡಲಿನ ಹತ್ತಿರ ತಂದಿಟ್ಟ. ಆಮೇಲೆ ಹಿಂದೆ ತಿರುಗಿ ನಕ್ಕ.

"ನಿನ್ನ ಪರೀಕ್ಷೇಲಿ ಒಬ್ರೂ ಫೇಲಾಗ್ಲಿಲ್ಲ ನೋಡು," ಎಂದ.

ಬಸ್ಸು ತುಂಬಿತು. ಶಾಲೆಯ ಮಕ್ಕಳು ಹತ್ತಿದರು, ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ತಂಗಿಯ ಪಕ್ಕ ಕೂತಳು. ಇಳಿಜಾರಿನ ಕೊನೆಯಲ್ಲಿ ಸಿಗ್ನಲ್ಲು ಕೆಂಪಾಯಿತು. ಅಣ್ಣನ ಕಾಲು ಅಲುಗುವ ಮುಂಚೆಯೇ ತಂಗಿಯ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ.