ವಿಯೆನ್ನಾದಲ್ಲಿ ಇಳಿದವರು

ಡ್ಯಾನ್ಯೂಬ್ ನದಿಯ ಮೇಲೆ ಹಡಗಿನಲ್ಲಿ ಹೋಗಬೇಕೆಂದು ಹನ್ನೊಂದು ವರ್ಷ ಆಸೆಪಟ್ಟವಳು ಅನಸೂಯ. ಹೋದವಳು ಸೌಜನ್ಯಾ.

ಇಬ್ಬರ ಮನೆಯೂ ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ, ನಡುವೆ ಎರಡೇ ಬೀದಿ. ಇಪ್ಪತ್ತಾರು ವರ್ಷದ ಗೆಳೆತನ. ಅನಸೂಯ ಮೈಸೂರಿನವಳು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ಹೋದ ವರ್ಷವಷ್ಟೇ ರಿಟೈರ್ ಆಗಿದ್ದಳು. ಊರಿನ ಕನ್ನಡದವರಲ್ಲಿ ಯಾರಿಗೆ ಯಾವ ರಿಪೋರ್ಟ್ ಬಂದರೂ ಮೊದಲು ಅದನ್ನು ಅನಸೂಯಳಿಗೆ ತೋರಿಸುತ್ತಿದ್ದರು. ಅವಳು ‘ಏನಿಲ್ಲ’ ಎಂದರೆ ಏನಿಲ್ಲ, ಅವಳು ಹುಬ್ಬು ಗಂಟಿಕ್ಕಿದರೆ ಆ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ದಾವಣಗೆರೆಯ ಸೌಜನ್ಯಾ ಇದಕ್ಕೆ ತದ್ವಿರುದ್ಧ. ಬಾಯಿತುಂಬ ಮಾತು, ಗಂಡ ಅಮರೇಶ್ವರನನ್ನೇ ಆಗಲಿ ಯಾರನ್ನೇ ಆಗಲಿ, ಬೇಕೆನಿಸಿದ್ದನ್ನು ಕೇಳಿಬಿಡುವ ಸ್ವಭಾವ.

ಪ್ರತಿ ಶನಿವಾರ ಬೆಳಿಗ್ಗೆ ಇಬ್ಬರೂ ವಾಕಿಂಗ್ ಹೋಗುತ್ತಿದ್ದರು. ಆ ನಡಿಗೆಯಲ್ಲಿ ಅನಸೂಯ ಡ್ಯಾನ್ಯೂಬಿನ ಕಥೆ ಹೇಳುತ್ತಿದ್ದಳು. ಜರ್ಮನಿಯ ಪಾಸೌದಲ್ಲಿ ಹತ್ತಬೇಕು, ಆಸ್ಟ್ರಿಯಾ, ಸ್ಲೊವಾಕಿಯಾ ದಾಟಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಇಳಿಯಬೇಕು. ಕೆಲವು ಸೇತುವೆಗಳು ಎಷ್ಟು ತಗ್ಗೆಂದರೆ, ಹಡಗಿನ ಮೇಲಟ್ಟದ ನೆರಳುಬಟ್ಟೆಯನ್ನೆಲ್ಲ ಮಡಚಿಡುತ್ತಾರೆ. ದ್ರಾಕ್ಷಿ ತೋಟಗಳು ಹಳದಿಯಾಗುವ ಅಕ್ಟೋಬರಿನ ಮೊದಲ ವಾರವೇ ಸರಿಯಾದ ಕಾಲ. ಅವಳು ಯುರೋಪಿಗೆ ಕಾಲಿಟ್ಟವಳೇ ಅಲ್ಲ. ಎಲ್ಲ ಕ್ಯಾಟಲಾಗ್ ಓದಿ, ವಿಡಿಯೋ ನೋಡಿ ಕಲಿತದ್ದು.

ಹೋಗಲಾಗದಿದ್ದುದಕ್ಕೆ ಕಾರಣ ಗಂಡ ಪ್ರಭಾಕರ. ಮಾರಿಸ್‌ಟೌನಿನ ಕಂಪನಿಯೊಂದರಲ್ಲಿ ಕಟ್ಟಡಗಳ ಎಂಜಿನಿಯರ್. ಅರವತ್ತೇಳಾದರೂ ಆಫೀಸು ಬಿಡಲೊಲ್ಲ. ಅನಸೂಯ ಕೇಳಿದಾಗಲೆಲ್ಲ “ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದ. ಒಮ್ಮೆ ಮಾತ್ರ ತಲೆಯೆತ್ತಿ, “ನೀರು ನೋಡ್ಬೇಕು ಅಂದ್ರೆ ಜರ್ಸಿ ಶೋರ್ ಬೀಚ್ ಇಲ್ವೇನೇ? ಒಂದೂಕಾಲು ಗಂಟೆ ಡ್ರೈವ್” ಎಂದಿದ್ದ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಜುಲೈ ತಿಂಗಳ ಒಂದು ಶನಿವಾರ ಸೌಜನ್ಯಾ ನಡೆಯುತ್ತಿದ್ದವಳು ಥಟ್ಟನೆ ನಿಂತು ಅನಸೂಯಳ ಕೈ ಹಿಡಿದುಕೊಂಡಳು. “ಅನು, ಬುಕ್ ಮಾಡಿಬಿಟ್ವಿ ಕಣೇ! ಡ್ಯಾನ್ಯೂಬ್. ಅಕ್ಟೋಬರ್ ಫಸ್ಟ್ ವೀಕ್, ನೀನು ಹೇಳಿದ್ದೆಯಲ್ಲ, ಹಂಗೇ. ಊಟಕ್ಕೆ ಕೂತಾಗ ಅಮರೇಶ್‌ಗೆ ಹೇಳಿದೆ. ‘ಹೋಗೋಣ ನಡಿ’ ಅಂದ್ರು, ತಟ್ಟೆ ಎತ್ತೋದ್ರೊಳಗೆ ಬುಕ್ ಮಾಡಿಬಿಟ್ರು.”

“ಅಯ್ಯೋ, ಎಷ್ಟು ಒಳ್ಳೇದಾಯ್ತು!” ಎಂದಳು ಅನಸೂಯ. ದನಿ ತನ್ನದಲ್ಲವೆನ್ನಿಸಿತು. ನದಿಯನ್ನು ಕಸಿದುಕೊಂಡದ್ದಕ್ಕಿಂತ ಹೆಚ್ಚಾಗಿ ಅವಳಿಗೆ ಚುಚ್ಚಿದ್ದು ಆ ತಟ್ಟೆಯ ಮಾತು. ತನ್ನ ಹನ್ನೊಂದು ವರ್ಷ ಇನ್ನೊಂದು ಮನೆಯಲ್ಲಿ ಒಂದು ಊಟದ ಹೊತ್ತಿನಲ್ಲಿ ಮುಗಿದುಹೋಗಿತ್ತು.

“ಒಂದು ಹೆಲ್ಪ್ ಬೇಕಿತ್ತು. ಅತ್ತೇನ ಒಬ್ರನ್ನೇ ಬಿಡೋಕಾಗಲ್ಲ. ಹತ್ತು ದಿನ ನೀನು ನಮ್ಮನೇಲಿ ಇರ್ತೀಯಾ? ನೀನಿದ್ರೆ ಅಮರೇಶ್‌ಗೂ ಧೈರ್ಯ.”

ಆಗುವುದಿಲ್ಲ ಎಂದರೆ ಹೊಟ್ಟೆಕಿಚ್ಚು ಹೊರಗೆ ಬೀಳುತ್ತದೆ. ಅನಸೂಯ ಒಪ್ಪಿಕೊಂಡಳು.

ಅಕ್ಟೋಬರಿನಲ್ಲಿ ಗಂಡ ಹೆಂಡತಿ ಹೊರಟರು, ಅನಸೂಯ ಅವರ ಮನೆಗೆ ಬಂದಳು. ಸೌಜನ್ಯಾಳ ಅತ್ತೆ ಶಿವಲಿಂಗಮ್ಮನಿಗೆ ಎಂಬತ್ತನಾಲ್ಕು. ಗದಗಿನ ಕಡೆಯವರು. ಮೊಮ್ಮಗಳು ಸಂಹಿತಾ ಕೊಟ್ಟಿದ್ದ ಟ್ಯಾಬ್ಲೆಟ್ಟಿನಲ್ಲಿ ಮಗ ಸೊಸೆ ಕಳಿಸಿದ ಚಿತ್ರಗಳನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ಪಾಸೌದ ಬಣ್ಣಬಣ್ಣದ ಮನೆಗಳು. ಲಿಂಟ್ಸ್ ಊರಿನ ಚೌಕ. ಹಡಗಿನ ಊಟದ ಮೇಜಿನ ಮೇಲೆ ಹಂಸದಂತೆ ಮಡಚಿದ ಕರವಸ್ತ್ರ. ಪ್ರತಿ ಚಿತ್ರದ ಕೆಳಗೂ ಸೌಜನ್ಯಾಳ ಮಾತು: ‘ಅನು, ನೀನು ಹೇಳಿದ ಹಾಗೇ ಇದೆ!’ ಅನಸೂಯ ಹೃದಯದ ಗುರುತು ಒತ್ತಿ ಫೋನನ್ನು ಬೋರಲು ಹಾಕುತ್ತಿದ್ದಳು. ಐದು ನಿಮಿಷದಲ್ಲಿ ತಾನೇ ಎತ್ತಿ ನೋಡುತ್ತಿದ್ದಳು. ಸೌಜನ್ಯಾ ನಿಂತಿದ್ದು ಹಡಗಿನ ಯಾವ ಮಗ್ಗುಲಲ್ಲಿ, ತೊಟ್ಟದ್ದು ಹೊಸ ಕೋಟೋ ಹಳೆಯದೋ, ಎಲ್ಲ ಬೇಕು ಅವಳಿಗೆ. ಸಂಜೆ ಪ್ರಭಾಕರ ಇಲ್ಲಿಗೇ ಊಟಕ್ಕೆ ಬಂದು, ಚಿತ್ರಗಳನ್ನು ನೋಡಿ “ನೈಸ್, ನೈಸ್” ಎನ್ನುತ್ತ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದ. ಅವನ ತಲೆಯ ಮೇಲೆ ಸಾರಿನ ಪಾತ್ರೆ ಬೋರಲು ಹಾಕಬೇಕೆನಿಸುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಶಿವಲಿಂಗಮ್ಮ ಪುದೀನದ ಕುಂಡ ಒಳಗಿಡಲು ಹೋಗಿ ಗರಾಜಿನ ಮೆಟ್ಟಿಲಲ್ಲಿ ಜಾರಿದರು. ಅನಸೂಯ ಓಡಿ ಎತ್ತಿ ಕೂರಿಸಿದಳು. ಬಲ ಮಣಿಕಟ್ಟು ಊದಿಕೊಂಡಿತ್ತು. ಹತ್ತಿರದ ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಎಕ್ಸ್‌ರೇ ಆಯಿತು. ಮೂಳೆ ಮುರಿದಿಲ್ಲ, ಉಳುಕು ಅಷ್ಟೆ. ಹೊರಡುವಾಗ ಡಾಕ್ಟರಮ್ಮ, “ನಾಡಿ ಆಗೊಮ್ಮೆ ಈಗೊಮ್ಮೆ ತಪ್ಪುತ್ತೆ. ಈ ವಯಸ್ಸಿನಲ್ಲಿ ಸಾಮಾನ್ಯ. ಮುಂದಿನ ವಾರ ಅವರ ಡಾಕ್ಟರಿಗೆ ತೋರಿಸಿದರೆ ಸಾಕು, ಗಾಬರಿ ಬೇಡ” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಕಾರಿನಲ್ಲಿ ಶಿವಲಿಂಗಮ್ಮ, “ಅವರಿಗೆ ಹೇಳಬ್ಯಾಡವ್ವಾ. ಸುಮ್ನ ಹೆದರ್ತಾವ. ಬಂದ ಮ್ಯಾಲೆ ತೋರಿಸಿದ್ರಾತು” ಎಂದರು. ಮನೆಗೆ ಬಂದು ಗುಳಿಗೆ ನುಂಗಿ ಮಲಗಿದರು.

ಅನಸೂಯ ಅಡುಗೆಮನೆಗೆ ಬಂದು ನೀರು ಕುಡಿದಳು. ಹೇಳದಿರಬೇಕೆಂದೇ ಅವಳೂ ಅಂದುಕೊಂಡಿದ್ದಳು, ಇದು ನಿಜ. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಅಲ್ಲಿ ಸಂಜೆ. ದ್ರಾಕ್ಷಿ ತೋಟಗಳ ಕಣಿವೆ, ಎರಡೂ ದಡ ಹಳದಿ. ಮೇಲಟ್ಟದಲ್ಲಿ ಸೌಜನ್ಯಾ ಕೂತಿದ್ದಾಳೆ, ಅಮರೇಶ್ವರ ಹಿಂದಿನಿಂದ ಬಗ್ಗಿ ಅವಳ ಭುಜಕ್ಕೆ ಶಾಲು ಹೊದಿಸುತ್ತಿದ್ದಾನೆ. ಯಾರೋ ಬೇರೆಯವರು ತೆಗೆದ ಚಿತ್ರ. ಸೌಜನ್ಯಾ ಕ್ಯಾಮೆರಾ ನೋಡಿರಲಿಲ್ಲ, ನದಿಯನ್ನು ನೋಡುತ್ತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ತನಗೆ ಯಾರೂ ಹೀಗೆ ಶಾಲು ಹೊದಿಸಿದ ನೆನಪು ಅನಸೂಯಳಿಗೆ ಬರಲಿಲ್ಲ.

ಅವಳು ಫೋನ್ ಮಾಡಿದಳು.

“ಸೌಜನ್ಯಾ, ಗಾಬರಿಯಾಗ್ಬೇಡ. ಅಮ್ಮ ಬಿದ್ದರು.”

“ಅಯ್ಯೋ! ಏನಾಯ್ತು?”

“ಫ್ರ್ಯಾಕ್ಚರ್ ಇಲ್ಲ. ಆದರೆ ಹಾರ್ಟ್ ರಿದಮ್ ಸರಿಯಿಲ್ಲ ಅಂದ್ರು. ಯಾಕೆ ಬಿದ್ದರು ಅಂತಾನೂ ನೋಡ್ಬೇಕಲ್ಲ.”

ಅಮರೇಶ್ವರ ಫೋನ್ ಕಸಿದುಕೊಂಡ. “ಅನಸೂಯಾ ಅವರೇ, ನೀವೇನಂತೀರಿ? ಸೀರಿಯಸ್ ಏನು?”

“ಈಗಲೇ ಏನೂ ಹೇಳೋಕಾಗಲ್ಲ ಅಮರೇಶ್.” ಅನಸೂಯ ಮುದುಕಿ ಮಲಗಿದ್ದ ಕೋಣೆಯತ್ತ ಒಮ್ಮೆ ನೋಡಿದಳು. “ನಮ್ಮಮ್ಮ ಆಗಿದ್ರೆ ನಾನು ಬಂದುಬಿಡ್ತಿದ್ದೆ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾರನೆಯ ದಿನ ಹಡಗು ವಿಯೆನ್ನಾದಲ್ಲಿ ನಿಂತಾಗ ಇಬ್ಬರೂ ಪೆಟ್ಟಿಗೆ ಇಳಿಸಿಕೊಂಡು, ಊರನ್ನು ಟ್ಯಾಕ್ಸಿಯ ಕಿಟಕಿಯಲ್ಲಷ್ಟೇ ಕಂಡು, ವಿಮಾನ ನಿಲ್ದಾಣಕ್ಕೆ ಹೊರಟರು. ಆ ಸುದ್ದಿ ಓದಿದಾಗ ಅನಸೂಯಳ ಎದೆ ತಣ್ಣಗಾಯಿತು. ಎಷ್ಟೋ ದಿನದ ಮೇಲೆ ಹಸಿವಾಗಿ, ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಅಮರೇಶ್ವರ ಮೂರು ದಿನದ ಗಡ್ಡ ಬಿಟ್ಟವನಂಥ ಮುಖದಲ್ಲಿ ಬಾಗಿಲಲ್ಲಿ ನಿಂತಾಗ ಅವನ ಕಣ್ಣು ತಪ್ಪಿಸಿ ಪೆಟ್ಟಿಗೆಯನ್ನು ಒಳಗೆಳೆದುಕೊಂಡಳು.

ಶಿವಲಿಂಗಮ್ಮ ಎಡಗೈಯಲ್ಲಿ ಬದನೆಕಾಯಿ ಎಣ್ಣೆಗಾಯಿ ತಿನ್ನುತ್ತ ಕೂತಿದ್ದರು. “ಯಾಕ ಬಂದ್ರಪಾ? ನನಗೇನಾಗೇತಿ?”

ಹೃದಯದ ಡಾಕ್ಟರು ಒಂದು ದಿನವಿಡೀ ಎದೆಗೆ ಯಂತ್ರ ಕಟ್ಟಿ ನೋಡಿ, ಏನೂ ಇಲ್ಲವೆಂದರು. ಯಾರೂ ಅನಸೂಯಳನ್ನು ಅನುಮಾನಿಸಲಿಲ್ಲ. ಸೌಜನ್ಯಾ ಅವಳನ್ನು ತಬ್ಬಿಕೊಂಡು, “ಟ್ರಿಪ್ ಹಾಳಾಗಿಹೋಗ್ಲಿ. ಬಿದ್ದಾಗ ನೀನಿರದಿದ್ರೆ?” ಎಂದು ಅತ್ತಳು. ಕನ್ನಡ ಕೂಟದ ದೀಪಾವಳಿಯಲ್ಲಿ ಅದನ್ನೇ ಸ್ಟೇಜ್ ಹತ್ತಿ ಹೇಳಿದಳು. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಅನಸೂಯ ಎದ್ದು ಕೈಮುಗಿಯಬೇಕಾಯಿತು.

ಆ ದಿನ ಮನೆಗೆ ಬರುವಾಗ ಕಾರು ಓಡಿಸುತ್ತಿದ್ದ ಪ್ರಭಾಕರ ಗಂಟಲು ಸರಿಮಾಡಿಕೊಂಡ. “ಹೋದ ವಾರ ಅಮರೇಶ್ ಒಂದು ಮಾತು ಹೇಳ್ದ. ‘ಅರ್ಧಕ್ಕೇ ಬಂದ್ವಿ, ಆದರೆ ಅರ್ಧಾನಾದ್ರೂ ನೋಡಿದ್ವಲ್ಲ, ನೀವು ಯಾವುದಕ್ಕೆ ಕಾಯ್ತಿದೀರಿ’ ಅಂತ. ಏಪ್ರಿಲ್‌ಗೆ ಬುಕ್ ಮಾಡಿದೀನಿ ಅನು. ಪಾಸೌ ಟು ಬುಡಾಪೆಸ್ಟ್.”

ಅನಸೂಯ ಕಿಟಕಿಯಾಚೆ ನೋಡಿದಳು. ಬೇಕಿದ್ದದ್ದು ಕೈಗೆ ಬಂದಿತ್ತು, ಅದನ್ನು ಹಿಡಿಯುವ ಕೈಯೇ ಸರಿಯಿರಲಿಲ್ಲ.

ಎರಡು ದಿನ ತಾಳಿ, ಮೂರನೆಯ ದಿನ ಸೌಜನ್ಯಾಳ ಮನೆಗೆ ಹೋದಳು. ಸೌಜನ್ಯಾ ಅಂಗಡಿಗೆ ಹೋಗಿದ್ದಳು. ಶಿವಲಿಂಗಮ್ಮ ಒಬ್ಬರೇ ಬಿಸಿಲಿಗೆ ಕುರ್ಚಿ ಹಾಕಿಕೊಂಡಿದ್ದರು.

“ಅಮ್ಮಾ, ಆವತ್ತು ಫೋನ್ ಮಾಡಿದ್ದು ನಿಮ್ಮ ಮೇಲಿನ ಕಾಳಜಿಗಲ್ಲ,” ಎಂದು ಶುರುಮಾಡಿದಳು.

“ಗೊತ್ತೈತಿ. ನಾ ಎಚ್ಚರಿದ್ದೆ. ಎಲ್ಲಾ ಕೇಳಿದೆ.”

ಅನಸೂಯ ಬೆಚ್ಚಿದಳು. “ಮತ್ತೆ ಯಾಕೆ ಸುಮ್ಮನಿದ್ರಿ? ‘ನಾನು ಚೆನ್ನಾಗಿದೀನಿ’ ಅಂತ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ?”

ಮುದುಕಿ ಸೆರಗಿನ ಅಂಚು ತೀಡಿದರು. “ಹತ್ತು ಸಲ ಅನಕೊಂಡೆ. ಮಾಡಲಿಲ್ಲ. ನನ್ನ ಗಂಡ ನನ್ನ ಹುಬ್ಬಳ್ಳಿ ಪ್ಯಾಟಿಗೂ ಕರಕೊಂಡು ಹೋಗಲಿಲ್ಲವ್ವಾ. ಕೇಳಿದ್ರ, ‘ನಿನಗ್ಯಾಕ’ ಅಂತಿದ್ದ. ಅವನ ಮಗ ಹೆಂಡತಿಗೆ ಶಾಲು ಹೊದಸ್ತಾನ. ನಾ ಹೆತ್ತ ಮಗ! ಆ ಫೋಟೋ ನಾನೂ ನೋಡಿದೆ. ಬರಲಿ ಬಿಡು, ಸಾಕು ಅನಿಸ್ತು.” ಅವರ ಕಣ್ಣಲ್ಲಿ ನೀರಿತ್ತು. “ಎಂಬತ್ತನಾಲ್ಕಾತು. ಇನ್ನೂ ಹೋಗಿಲ್ಲ ನೋಡು, ಆ ಉರಿ.”

ಅನಸೂಯ ಅವರ ಉಳುಕಿದ್ದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಸೌಜನ್ಯಾ ಸಾಮಾನಿನ ಚೀಲಗಳೊಂದಿಗೆ ಬಂದಾಗ ಅನಸೂಯ ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಎಲ್ಲ ಹೇಳಿದಳು. ಡಾಕ್ಟರಮ್ಮ ನಿಜಕ್ಕೂ ಏನಂದಿದ್ದಳು, ತಾನು ಯಾವುದನ್ನು ನುಂಗಿ ಯಾವುದನ್ನು ಹೇಳಿದೆ, ಯಾವ ಚಿತ್ರ ನೋಡಿ ಹೇಳಿದೆ, ಎಲ್ಲ. ಮುದುಕಿಯ ಹೆಸರು ಎತ್ತಲಿಲ್ಲ.

ಸೌಜನ್ಯಾ ಕೊತ್ತಂಬರಿ ಕಟ್ಟು ಹಿಡಿದುಕೊಂಡೇ ಕೇಳಿದಳು. ಅದನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದಳು.

“ಅಮರೇಶ್ ಫ್ಲೈಟ್‌ನಲ್ಲಿ ಒಂಬತ್ತು ಗಂಟೆ ಒಂದು ಹನಿ ನೀರು ಕುಡೀಲಿಲ್ಲ,” ಎಂದಳು ಕೊನೆಗೆ. “ಅವ್ವ ಸತ್ತೇಹೋಗಿದಾರೆ, ನಮಗೆ ಹೇಳ್ತಿಲ್ಲ ಅಂತ ಅಂದ್ಕೊಂಡಿದ್ರು. ನಾನು ಸ್ಟೇಜ್ ಮೇಲೆ ನಿನ್ನ ಹೆಸರು ಹೇಳಿ ಅತ್ಬಿಟ್ಟೆ.”

“ನಾವು ಏಪ್ರಿಲ್‌ಗೆ ಹೋಗಲ್ಲ. ಕ್ಯಾನ್ಸಲ್ ಮಾಡಿಸ್ತೀನಿ,” ಎಂದಳು ಅನಸೂಯ.

“ಯಾಕೆ? ಅದರಿಂದ ನನಗೆ ಬುಡಾಪೆಸ್ಟ್ ಸಿಗುತ್ತಾ? ಹೋಗು. ನನಗೆ ಫೋಟೋ ಕಳಿಸ್ಬೇಡ.”

ಆ ಚಳಿಗಾಲ ಶನಿವಾರದ ವಾಕಿಂಗ್ ನಿಂತುಹೋಯಿತು. ಇಂಡಿಯನ್ ಸ್ಟೋರಿನಲ್ಲಿ ಎದುರಾದರೆ ಸೌಜನ್ಯಾ ತಲೆಯಾಡಿಸಿ ಬೇರೆ ಸಾಲಿಗೆ ಹೋಗುತ್ತಿದ್ದಳು. ಜನ ಕೇಳಿದಾಗ ಅವಳು ಕಾರಣ ಹೇಳಲಿಲ್ಲ. ಅದು ಅನಸೂಯಳ ಕಿವಿಗೆ ಬಿದ್ದು ಇನ್ನಷ್ಟು ನೋವಾಯಿತು. ಪ್ರಭಾಕರನಿಗೆ ಅನಸೂಯಳೇ ವಿಷಯ ಹೇಳಿದಳು. ಅವನು ಬೈಯಲಿಲ್ಲ. “ನಾನು ಮೊದಲೇ ಕರಕೊಂಡು ಹೋಗಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದ.

ಏಪ್ರಿಲಿನಲ್ಲಿ ಅವರು ಹೋದರು. ನದಿಯ ಅಣೆಕಟ್ಟಿನ ಎರಡು ಗೇಟುಗಳ ನಡುವೆ ಹಡಗನ್ನು ನಿಲ್ಲಿಸಿ, ನೀರು ಬಸಿದು ಕೆಳಗಿನ ಮಟ್ಟಕ್ಕೆ ಇಳಿಸುವುದನ್ನು ಕಂಡು ಪ್ರಭಾಕರ ಹುಡುಗನಂತೆ ಕುಣಿದ. ಹಡಗಿನ ಸಿಬ್ಬಂದಿಯನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತುಮಾಡಿದ. ವಿಯೆನ್ನಾದಲ್ಲಿ ಅನಸೂಯ ಅರಮನೆ ನೋಡಲು ಹೋಗಲಿಲ್ಲ; ದಡದಲ್ಲಿ ಸಾಲಾಗಿ ನಿಂತ ಟ್ಯಾಕ್ಸಿಗಳನ್ನು ನೋಡುತ್ತ ಮೇಲಟ್ಟದಲ್ಲೇ ಉಳಿದಳು. ಆದರೆ ಬುಡಾಪೆಸ್ಟ್ ಬಂದಾಗ ಕಣ್ಣುಮುಚ್ಚಿಕೊಳ್ಳಲು ಆಗಲಿಲ್ಲ. ಸಂಜೆಯ ಬೆಳಕಿನಲ್ಲಿ ಸಂಸತ್ ಭವನದ ಗೋಪುರಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದವು. ಅವಳು ರೇಲಿಂಗ್ ಹಿಡಿದು ನಿಂತು ಪೂರ್ತಿ ನೋಡಿದಳು.

ಮೇ ತಿಂಗಳ ಎರಡನೆಯ ಶನಿವಾರ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಸೌಜನ್ಯಾ. ವಾಕಿಂಗ್ ಶೂ ಹಾಕಿದ್ದಳು, ಮುಖ ಬಿಗಿದಿತ್ತು.

“ಕ್ಷಮಿಸಿದೀನಿ ಅಂದ್ಕೋಬೇಡ,” ಎಂದಳು. “ಅತ್ತೆ ದಿನಾ ಗೊಣಗ್ತಾರೆ, ಅನಸೂಯಾನ ಕರಿ ಅಂತ. ಯಾಕೋ ನಿನ್ನ ಪರ ವಹಿಸ್ತಾರಪ್ಪ.”

ಅನಸೂಯ ಶೂ ಕಟ್ಟಿಕೊಂಡು ಹೊರಟಳು. ಇಬ್ಬರೂ ಅರ್ಧ ಸುತ್ತು ನಡೆದರು. ಕೆರೆಯ ಹತ್ತಿರದ ಬೆಂಚು ದಾಟುವಾಗ ಸೌಜನ್ಯಾ ಕೇಳಿದಳು: “ಬುಡಾಪೆಸ್ಟ್ ಹೇಗಿತ್ತು?”

‘ಅಂಥದ್ದೇನಿಲ್ಲ, ಸುಮ್ಮನೆ ಹೇಳ್ತಾರೆ’ ಎಂಬ ಉತ್ತರ ಅನಸೂಯಳ ನಾಲಗೆಯ ತುದಿಗೆ ಬಂತು. ಅದನ್ನು ಹಿಂದಕ್ಕೆ ತಳ್ಳಿದಳು.

“ತುಂಬ ಚೆನ್ನಾಗಿತ್ತು ಕಣೇ. ನಾನಂದ್ಕೊಂಡಿದ್ದಕ್ಕಿಂತ.”

ಸೌಜನ್ಯಾಳ ಮುಖ ಕೆಂಪೇರಿತು. ತುಟಿ ಕಚ್ಚಿ ಬೇರೆ ಕಡೆ ತಿರುಗಿದಳು. ಆ ಬಣ್ಣ, ಆ ಬಿಗಿತ ಒಳಗಿನಿಂದ ಹೇಗಿರುತ್ತದೆಂದು ಅನಸೂಯಳಿಗೆ ಚೆನ್ನಾಗಿ ಗೊತ್ತಿತ್ತು.

“ಹೊಟ್ಟೆ ಉರೀತಿದೆ ನನಗೆ,” ಎಂದಳು ಸೌಜನ್ಯಾ. “ಹೇಳ್ಕೊಳ್ಳೋಕೆ ನಾಚ್ಕೆ ಇಲ್ಲ ನೋಡು. ಉರೀತಿದೆ.”

“ಗೊತ್ತು.”

ಸೌಜನ್ಯಾ ಹಿಂದಕ್ಕೆ ನಡೆದು ಬೆಂಚಿನ ಮೇಲೆ ಕೂತಳು. ಪಕ್ಕದ ಜಾಗ ತೋರಿಸಿದಳು.

“ಕೂತ್ಕೋ. ವಿಯೆನ್ನಾದಿಂದ ಹಡಗು ಬಿಟ್ಟಿತಲ್ಲ, ಅಲ್ಲಿಂದ ಶುರುಮಾಡು. ಒಂದೂ ಬಿಡಬೇಡ.”