ಉಗ್ರಪ್ಪ ಎರಡು ಸಲ ಹೇಳಿದ್ದ

ನೌಕಾಪಡೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿ, ಕಮೋಡೋರ್ ಹುದ್ದೆಯವರೆಗೂ ಏರಿದ ಚಿತ್ರಲಿಂಗಪ್ಪನವರು ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಚಿತ್ರದುರ್ಗಕ್ಕೆ ಮರಳಿ ಚಂದ್ರವಳ್ಳಿ ದಾರಿಯಲ್ಲಿ ಮನೆ ಕಟ್ಟಿಸಿದರು. ಸಮುದ್ರವನ್ನೇ ಕಾಣದ ಈ ಸೀಮೆಯಲ್ಲಿ ಯಾರೂ ತಮ್ಮನ್ನು ಏನೂ ಕೇಳುವುದಿಲ್ಲ ಎಂಬುದೇ ಅವರಿಗೆ ನೆಮ್ಮದಿ.

ಮರುವರ್ಷ ತಾಳ್ಯದಿಂದ ಹುಚ್ಚಕ್ಕ ಎಂಬ ಕುರಿ ಸಾಕುವ ಮುದುಕಿ ಬಂದಳು. ಹಡಗಿನ ಸಾಹೇಬರೊಬ್ಬರು ದುರ್ಗದಲ್ಲಿದ್ದಾರೆಂದು ಯಾರೋ ಹೇಳಿದ್ದರಂತೆ. ಅವಳ ಮಗ ಉಗ್ರಪ್ಪ ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದವನು. ಅರವತ್ತಾರರಲ್ಲಿ ಉಗಿಯ ಪೈಪು ಸಿಡಿದು ಬೆಂದು ಸತ್ತಿದ್ದ. ಅವನ ಜೊತೆ ಇನ್ನೂ ಮೂವರು ಹೋಗಿದ್ದರು. ತಪ್ಪು ಅವನದೇ ಎಂದು ಕಾಗದ ಬಂದಿತ್ತು. ಅಂದಿನಿಂದ ಮೂವರನ್ನು ಕೊಂದವನ ತಾಯಿ ಎಂದು ಊರು ಅವಳನ್ನು ಆಡಿಕೊಳ್ಳುತ್ತಿತ್ತು. ಆ ಇಂಗ್ಲಿಷ್ ಕಾಗದದಲ್ಲಿ ನಿಜಕ್ಕೂ ಹಾಗೇ ಇದೆಯೇ ಓದಿ ಹೇಳಬೇಕೆಂದು ಸೆರಗಿನ ಗಂಟು ಬಿಚ್ಚಿ ಕೊಟ್ಟಳು.

ಕೆಳಗಿದ್ದ ಸಹಿ ಚಿತ್ರಲಿಂಗಪ್ಪನವರದೇ. ಆಗ ಆ ಹಡಗಿನ ಕ್ಯಾಪ್ಟನ್ ಅವರೇ. ಪೈಪು ಸೋರುತ್ತಿದೆ, ವೇಗ ಇಳಿಸಬೇಕು ಎಂದು ಉಗ್ರಪ್ಪ ಎರಡು ಸಲ ಹೇಳಿಕಳಿಸಿದ್ದ. ಮೇಲಧಿಕಾರಿಗಳ ಕಣ್ಣೆದುರು ಕವಾಯತು ನಡೆದಿತ್ತು, ಇವರು ಇಳಿಸಲಿಲ್ಲ. ಆಮೇಲೆ ಸತ್ತವನ ತಲೆಗೇ ಕಟ್ಟಿ ವರದಿ ಬರೆದರು. ಬಡ್ತಿ ಬಂತು.

ಅಂದು ಏನೋ ಹೇಳಿ ಅವಳನ್ನು ಸಾಗಹಾಕಿದರು. ಹದಿನೈದು ದಿನ ಅನ್ನ ಸೇರಲಿಲ್ಲ. ಕೊನೆಗೆ ಬಸ್ಸು ಹತ್ತಿ ತಾಳ್ಯಕ್ಕೆ ಹೋಗಿ, ಅವಳ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟರು.

ಹುಚ್ಚಕ್ಕ ಬೈಯಲಿಲ್ಲ. "ಸೋರ್ತೈತೆ ಅಂತ ನನ್ ಮಗ ಹೇಳಿದ್ನಾ?" ಎಂದಳು.

"ಎರಡು ಸಲ ಹೇಳಿದ್ದ, ತಾಯಿ. ದಿಲ್ಲಿಗೆ ಬರೀತೀನಿ."

"ದಿಲ್ಲಿಯೋರು ನನ್ನ ಆಡ್ಕಂಡಿಲ್ಲ. ಆಡ್ಕಂಡೋರು ಊರೋರು. ಊರ ಮುಂದೆ ಹೇಳ್ರಿ."

ಅಂದು ಸಂಜೆಯೇ ಪಂಚಾಯ್ತಿ ಛೇರ್ಮನ್ ಓಬಳೇಶಪ್ಪ ಜನರನ್ನು ಕಟ್ಟೆಯ ಬಳಿ ಸೇರಿಸಿದ. ಚಿತ್ರಲಿಂಗಪ್ಪನವರು ಒಂದನ್ನೂ ಮುಚ್ಚಿಡದೆ ಹೇಳಿದರು. ಆಮೇಲೆ ಓಬಳೇಶಪ್ಪ ಎದ್ದು ಕೈಮುಗಿದು, ಇಷ್ಟು ದೊಡ್ಡ ಅಧಿಕಾರಿ ಕುರಿ ಕಾಯುವವರ ಮುಂದೆ ತಪ್ಪು ಒಪ್ಪಿಕೊಂಡರಲ್ಲ, ಇಂಥ ಸತ್ಯವಂತರನ್ನು ತಾಳ್ಯ ಕಂಡೇ ಇರಲಿಲ್ಲ ಎಂದ. ಯಾರೋ ಹಾರ ತಂದರು. ಕೆಲವರು ಕಾಲಿಗೆ ಬಿದ್ದರು. ಚಿತ್ರಲಿಂಗಪ್ಪನವರು ಬೇಡ ಬೇಡ ಎಂದಷ್ಟೂ ಜನ ಅವರ ವಿನಯವನ್ನು ಕೊಂಡಾಡಿದರು. ಉಗ್ರಪ್ಪನ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಹುಚ್ಚಕ್ಕ ಗುಂಪಿನ ಹೊರಗೆ ನಿಂತಿದ್ದಳು. ಅವರು ಜನರಿಂದ ಬಿಡಿಸಿಕೊಂಡು ಅವಳ ಬಳಿ ಬಂದರು.

"ಮಗನ ಜೀವಾನೂ ತಗಂಡ್ರಿ, ಹೆಸರ್ನೂ ತಗಂಡ್ರಿ," ಎಂದಳು. "ಇವತ್ತು ಅವನಿಗೆ ಬರಬೇಕಿದ್ದ ಈ ಮರ್ಯಾದೀನೂ ತಗಂಡ್ರಿ. ಬಸ್ಸಿಗೆ ಹೊತ್ತಾತು, ಹೋಗ್ರಿ."

ಬಸ್ಸು ಹೊರಡುವವರೆಗೂ ಓಬಳೇಶಪ್ಪ ಕಿಟಕಿಯ ಪಕ್ಕದಲ್ಲೇ ನಿಂತು, ಬರುವ ಸ್ವಾತಂತ್ರ್ಯ ದಿನಕ್ಕೆ ಬಾವುಟ ಹಾರಿಸಲು ಅವರೇ ಬರಬೇಕೆಂದು ಒತ್ತಾಯಿಸುತ್ತಿದ್ದ.