ಗಿಡುಗನ ಕೂದಲು, ನನ್ನ ಬಿಳಿ ಬಟ್ಟೆ

ನಾನು ಕುಸ್ತಿ ನೋಡುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಸಿಗರೇಟು ಬಿಟ್ಟವರ ಹಾಗೆ ಅದನ್ನು ಇಡೀ ಪುಎಬ್ಲಾ ಊರಿಗೆ ಹೇಳಿಕೊಂಡು ತಿರುಗುತ್ತಿದ್ದೆ.

ಬಿಡಲು ಕಾರಣ ತಾಮ್ರದ ಗಿಡುಗ. ಮುಖವಾಡದ ಆ ಪೈಲ್ವಾನ ಹಗ್ಗದ ಮೇಲಿಂದ ಹಾರಿ ಕೆಳಗೆ ಬರುವಷ್ಟರಲ್ಲಿ ನಾನು ಮಾಂಸ ತುಂಬಿದ ಒಂದು ಬನ್ನು ತಿಂದು ಮುಗಿಸುತ್ತಿದ್ದೆ. ಒಮ್ಮೆ ಎರಡು ತಿಂದದ್ದೂ ಉಂಟು. ಒಂದು ಭಾನುವಾರ ಅವನು ಮುಖವಾಡವನ್ನೇ ಪಣಕ್ಕಿಟ್ಟು ಸೋತ. ಸೋತವನು ಮುಖವಾಡ ಕಳಚಿ ಮೈಕಿನಲ್ಲಿ ತನ್ನ ಹೆಸರು, ಹುಟ್ಟೂರು ಹೇಳಬೇಕು. ಕಳಚಿದ. ಒಳಗಿದ್ದವನು ನಲ್ಲಿ ರಿಪೇರಿಯ ಫಿದೆನ್ಸಿಯೊ. ಪ್ರತಿ ಗುರುವಾರ ನನ್ನ ಕ್ಷೌರದಂಗಡಿಗೆ ಬಂದು, ಮುಖಕ್ಕೆ ಸೋಪು ಹಚ್ಚಿಸಿಕೊಂಡು, "ಕುಸ್ತಿ ಎಲ್ಲ ನಾಟಕ ಬಿಡಿ, ದೋನ್ ಎವಾರಿಸ್ತೊ" ಅನ್ನುತ್ತಿದ್ದವನು. ದೇವರ ಕಿವಿಯ ಕೂದಲನ್ನು ವರ್ಷಗಟ್ಟಲೆ ನಾನೇ ಕತ್ತರಿಸಿದ್ದೆ ಎಂದು ತಿಳಿದ ಮೇಲೆ ಭಕ್ತಿ ಉಳಿಯುವುದು ಕಷ್ಟ.

ಅವನು ಮಾತ್ರ ಬರಿಮುಖದಲ್ಲೇ ಆಡುತ್ತ ಉಳಿದ. ಮೊನ್ನೆ ಒಂದು ಗುರುವಾರ ಕುರ್ಚಿಯಲ್ಲಿ ಕೂತು ಹೇಳಿದ:

"ಭಾನುವಾರ ಮಧ್ಯಾಹ್ನ ಮಷೀನು ತಗೊಂಡು ಅಖಾಡಕ್ಕೆ ಬನ್ನಿ. ಅಲ್ಲಿಯ ಕ್ಷೌರದೋನು ಕೈ ಮುರ್ಕೊಂಡಿದಾನೆ. ಕೂದಲಿಗೆ ಕೂದಲು ಪಣ. ಒಂದು ಕಡೆ ನಾನು, ಇನ್ನೊಂದು ಕಡೆ ಆ ಕೊಳಕು ಸಿಂಹ ಅನ್ನೋ ಪೈಲ್ವಾನ."

"ಸೋತೋನಿಗೆ ಬೋಳು?"

"ಕಣದ ಮಧ್ಯದಲ್ಲೇ."

"ಅದರ ಮುಂದಿನ ಶನಿವಾರ ಮಗಳ ಮದುವೆ ಅಲ್ವೇನಯ್ಯಾ?"

"ಅದೇ ನೋಡಿ. ಬೋಳುತಲೇಲಿ ಬಂದ್ರೆ ಚರ್ಚೊಳಗೆ ಸೋದರಮಾವನ ಕೈ ಹಿಡ್ಕೊಂಡು ಹೋಗ್ತೀನಿ ಅಂದಿದಾಳೆ ಇತ್ಸೆಲ್. ಆ ವಿಮೆ ಏಜೆಂಟು. ಇಪ್ಪತ್ತಾರು ವರ್ಷ ಸಾಕಿದ್ದು ನಾನು, ಕೈ ಹಿಡಿಯೋದು ಅವನು."

ಕನ್ನಡಿಯಲ್ಲಿ ಅವನ ಕಣ್ಣು ಒದ್ದೆಯಾಗಿತ್ತು. ಸೋಪು ಹೋಗಿದೆ ಎಂದುಕೊಂಡೆ.

"ಕೆಲಸಕ್ಕೆ ಅಂತ ಬರ್ತೀನಿ," ಅಂದೆ. "ನೋಡಲ್ಲ."

ಮಾತಿಗೆ ತಪ್ಪಲಿಲ್ಲ. ಫಿದೆನ್ಸಿಯೊನ ಮೂಲೆಯ ಕೆಳಗೆ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಮಷೀನು, ಹೆಗಲ ಮೇಲೆ ಬಿಳಿ ಬಟ್ಟೆ ಇಟ್ಟುಕೊಂಡು ಪೇಪರು ಬಿಡಿಸಿದೆ. ಮೂರರಲ್ಲಿ ಎರಡು ಸುತ್ತು ಗೆದ್ದವನು ಗೆದ್ದಂತೆ. ಮೊದಲನೆಯದನ್ನು ಸಿಂಹ ಕಣ್ಣಿಗೆ ಬೆರಳು ಹಾಕಿ ಗೆದ್ದ. ನಾನು ಹವಾಮಾನ ವರದಿ ಓದಿದೆ.

ನನ್ನ ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಸಿಂಹದ ಜಡೆಗಟ್ಟಿದ ಕೂದಲು ನೋಡಿ ಕೂಗಿದಳು: "ಏ ಸಿಂಹ, ನಿಮ್ಮಮ್ಮ ನಿನ್ ತಲೆ ಬಾಚೋದು ಬಿಟ್ಟು ಎಷ್ಟು ವರ್ಷ ಆಯ್ತೋ?" ಆಮೇಲೆ ನನ್ನ ಬೆನ್ನಿಗೆ ತಿವಿದಳು. "ನೀನೇನಪ್ಪಾ, ಲೈಬ್ರರಿಗೆ ಬಂದಿದೀಯಾ?"

ಎರಡನೇ ಸುತ್ತಿನಲ್ಲಿ ಫಿದೆನ್ಸಿಯೊ ಮೇಲಿನ ಹಗ್ಗ ಹತ್ತಿದ. ಐವತ್ತಮೂರು ವರ್ಷದ ಮಂಡಿ ಟಕ್ ಎಂದದ್ದು ನನಗೆ ಕೇಳಿಸಿತು. ಇಳಿಯೋ ಮಾರಾಯ ಎಂದುಕೊಂಡೆ. ಅವನು ಹಾರಿದ. ಚಾವಣಿಯಲ್ಲಿದ್ದ ಪಾರಿವಾಳವೊಂದು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಿತು. ನಂಬದವರು ಆ ಅಜ್ಜಿಯನ್ನು ಕೇಳಬಹುದು. ಅವನು ಮೇಲೇ ಇದ್ದ, ಇನ್ನೂ ಮೇಲೇ ಇದ್ದ. ನನ್ನ ಕೈ ಬನ್ನಿಗಾಗಿ ತಡಕಾಡಿತು. ಸಿಂಹದ ಎದೆಯ ಮೇಲೆ ಅವನು ಬಿದ್ದಾಗ ನನ್ನ ಗಂಟಲಿನಿಂದ ಹನ್ನೊಂದು ವರ್ಷದ ಹಳೆಯ ಕೂಗೊಂದು ಹೊರಬಂತು. ಪೇಪರು ಎಲ್ಲಿ ಹೋಯಿತೋ ಇಂದಿಗೂ ಸಿಕ್ಕಿಲ್ಲ.

ಮೂರನೆಯದಕ್ಕೆ ನಾನು ಸ್ಟೂಲಿನ ಮೇಲೆ ನಿಂತಿದ್ದೆ.

"ಕಾಲು ನೋಡಯ್ಯಾ ರೆಫ್ರಿ, ಸಿಂಹ ಹಗ್ಗದ ಮೇಲೆ ಕಾಲಿಟ್ಟು ಅಮುಕ್ತಿದಾನೆ! ನಿನ್ ಕಣ್ಣು ಗಿರವಿ ಇಟ್ಟಿದೀಯಾ?"

"ಹಾಗೆ ಹೇಳು ಮಗನೆ," ಅಂದಳು ಅಜ್ಜಿ.

ಫಿದೆನ್ಸಿಯೊ ಕೆಳಗಿಂದ ನುಣುಚಿಕೊಂಡು ಎದ್ದ, ಸಿಂಹವನ್ನು ಬೋರಲು ಕೆಡವಿದ, ಬೆನ್ನ ಮೇಲೆ ಕೂತು ಗದ್ದ ಹಿಡಿದು ಹಿಂದಕ್ಕೆ ಬಗ್ಗಿಸಿದ. ಸೋತೆ ಎನ್ನಲು ಸಿಂಹದ ಕೈ ಮೇಲೇಳುತ್ತಿತ್ತು. ಅಖಾಡವೆಲ್ಲ ಎದ್ದು ನಿಂತಿತ್ತು. ಖುಷಿ ತಡೆಯದೆ ಕೈಗೆ ಸಿಕ್ಕಿದ್ದನ್ನು ಮೇಲಕ್ಕೆಸೆದೆ.

ಬಿಳಿ ಬಟ್ಟೆ. ಅದು ನಿಧಾನವಾಗಿ ಹೋಗಿ ಕಣದ ನಡುವೆ ಬಿತ್ತು.

ಒಬ್ಬನ ಮೂಲೆಯಿಂದ ಬಿಳಿ ಬಟ್ಟೆ ಕಣಕ್ಕೆ ಬಿದ್ದರೆ ಅವನು ಸೋಲೊಪ್ಪಿದಂತೆ. ನಮ್ಮ ಊರಲ್ಲಿ ತೊಟ್ಟಿಲ ಮಗುವಿಗೂ ಇದು ಗೊತ್ತು. ನನಗೂ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಗಂಟೆ ಬಾರಿಸಿದರು.

ಫಿದೆನ್ಸಿಯೊ ಬಟ್ಟೆ ಎತ್ತಿ ಹಿಡಿದ.

"ಇದು ನಿಮ್ದಾ?"

"ಒಗೆದದ್ದು," ಅಂದೆ.

ಅವನು ಬಂದು, ಕಣದ ಮಧ್ಯೆ ತಂದಿಟ್ಟ ಕುರ್ಚಿಯಲ್ಲಿ ಕೂತ. ನಾನು ಕಣ ಹತ್ತಿ ಮಷೀನು ಓಡಿಸಿದೆ. "ಕಿವಿ ಹಿಂದೆ ಜೋಪಾನ," ಎಂದ ಮೆಲ್ಲಗೆ. ಕೊನೆಯ ಕೂದಲು ಬಿದ್ದಾಗ ಮುಂದಿನ ಸಾಲಿನಿಂದ ಇತ್ಸೆಲ್ ಎದ್ದು ಕಣ ಹತ್ತಿದಳು. ಅಪ್ಪನ ತಲೆ ನೋಡಿದಳು. ಆಮೇಲೆ ನನ್ನದನ್ನು ನೋಡಿದಳು.

"ಇವರ್ದೂ ತೆಗೀರಿ."

"ಕ್ಷೌರದವನ್ದೂ ತೆಗೀರಿ," ಎಂದಳು ನನ್ನ ಸ್ವಂತ ಅಜ್ಜಿಯಂತಾಗಿದ್ದ ಆ ದ್ರೋಹಿ. ಇಡೀ ಅಖಾಡ ಅದನ್ನೇ ಹಿಡಿಯಿತು.

ಕೂತೆ. ಫಿದೆನ್ಸಿಯೊ ನಲ್ಲಿ ಬಿಚ್ಚುವ ಕೈಯಲ್ಲಿ ನನ್ನ ತಲೆ ಬೋಳಿಸಿದ. ಮೂರು ಸಾವಿರ ಜನ ಚಪ್ಪಾಳೆ ತಟ್ಟಿದರು. ಮೂವತ್ತೊಂದು ವರ್ಷದ ಕಸುಬಿನಲ್ಲಿ ಒಂದು ಕ್ಷೌರಕ್ಕೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಾನು ಎರಡೂ ಕೈ ಎತ್ತಿ, ನಾಲ್ಕು ದಿಕ್ಕಿಗೂ ತಿರುಗಿ, ನಮಸ್ಕಾರ ಮಾಡಿದೆ.

ಇತ್ಸೆಲ್ ನಗು ತಡೆಯಲಾರದೆ ಹೇಳಿದಳು: "ಅಪ್ಪಾ, ಒಬ್ಬನೇ ಬೋಳ ಆದ್ರೆ ಜನ ಕಾಯಿಲೆ ಅಂತಾರೆ. ಇಬ್ಬರಾದ್ರೆ ಸಂಪ್ರದಾಯ ಅಂತಾರೆ. ಶನಿವಾರ ನೀನು ಈ ಕಡೆ, ಇವರು ಆ ಕಡೆ. ಮಾವ ಕೇಕ್ ನೋಡ್ಕೊಳ್ಳಲಿ."

ಶನಿವಾರ ಅವಳ ಎರಡು ಪಕ್ಕಗಳಲ್ಲಿ ನಾವಿಬ್ಬರು, ನಮ್ಮ ಚರ್ಚಿನ ಜೋಡಿ ಗೋಪುರಗಳ ಹಾಗೆ, ಮಿರಮಿರ ಮಿಂಚುತ್ತ ನಡೆದೆವು. ಪೀಠದ ಹತ್ತಿರ ಅವಳನ್ನು ವರನಿಗೊಪ್ಪಿಸಿ, ಫಿದೆನ್ಸಿಯೊ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದ:

"ನಾಳೆ ಕುಸ್ತಿ ಇದೆ. ನೀವು ಬರ್ತೀರಿ ಅಂತ ಗೊತ್ತು. ಬಟ್ಟೆ ಮಾತ್ರ ಮನೇಲಿಟ್ಟು ಬನ್ನಿ."